ಸಂಡೂರು ಗುಡ್ಡ ದಾಟಲು ಸರ್ವೆ ಆಫ್ ಇಂಡಿಯಾ ನಕ್ಷೆ: ಎಷ್ಟು ನಂಬಬಹುದು?

ಗೊತ್ತಿಲ್ಲದ ಕಣಿವೆ ದಾರಿ ಹಿಡಿಯುವ ಮೊದಲು ಫೋನಿನ ಮ್ಯಾಪಿಗಿಂತ 1:50,000 ಅಳತೆಯ ಈ ನಕ್ಷೆಯನ್ನೇ ನೋಡಬೇಕು. ಫೋನು ದೂರ, ಸಮಯ ಹೇಳುತ್ತದೆ. ಏರು ಎಷ್ಟು ಕಡಿದು ಅನ್ನುವುದನ್ನು ಹೇಳುವುದು ಈ ನಕ್ಷೆ.

ಇದರಲ್ಲಿ 1 ಸೆಂ.ಮೀ. ಅಂದರೆ 500 ಮೀಟರ್, ಎತ್ತರದ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನಡುವೆ ಎತ್ತರದ ವ್ಯತ್ಯಾಸ 20 ಮೀಟರ್. ದಾರಿಯ ತಿರುವುಗಳ ಮೇಲೆ ದಾರ ಇಟ್ಟು ಅಳೆಯಿರಿ. 1 ಸೆಂ.ಮೀ. ದಾರದೊಳಗೆ ಗೆರೆಗಳ ಮೂರು ಅಂತರ ಏರಿದರೆ 500 ಮೀಟರಿಗೆ 60 ಮೀಟರ್, ಅಂದರೆ ಶೇ 12. ಅಲ್ಲಿ ಇಳಿಯುವಾಗ ಬ್ರೇಕ್ ಒತ್ತಿಯೇ ಹಿಡಿದರೆ ಕಾದು ಹಿಡಿತ ಬಿಡುತ್ತದೆ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬರಬೇಕು, ಸಾಲದಿದ್ದರೆ ಒಂದನೆಯದಕ್ಕೆ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ನಾರಿಹಳ್ಳ ಎಂಬ ತೊರೆ ಗುಡ್ಡವನ್ನು ಸೀಳುವ ಭೀಮಗಂಡಿ, ಓಬಳಗಂಡಿಯಂಥ ಇಕ್ಕಟ್ಟಾದ ಕಣಿವೆಗಳ ಕಡೆ ಗೆರೆಗಳು ಹೇಗೆ ಒತ್ತಾಗಿ ಬಂದು ಸೇರುತ್ತವೆ ನೋಡಿ. ನಕ್ಷೆ ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬಳ್ಳಾರಿ ಸುತ್ತ ಸಿಗಲಿಕ್ಕಿಲ್ಲ. ಗೆರೆ ಒತ್ತಾದ ಕಡೆ ಹಳ್ಳವೂ ದಾರಿಯೂ ಪಕ್ಕಪಕ್ಕ ಇದ್ದರೆ, ಮೇಲೆ ಮಳೆಯಾದ ದಿನ ಆ ದಾರಿ ಬೇಡ. ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು.

ಕೊರತೆ ಇದೆ. ಸರ್ವೆ ಹಳೆಯದಾದರೆ ಗಣಿಗಾಗಿ ಕಡಿದ ಹೊಸ ದಾರಿ ಇರುವುದಿಲ್ಲ, ಅಗೆದ ಗುಡ್ಡ ಇನ್ನೂ ಇದ್ದ ಹಾಗೇ ಕಾಣುತ್ತದೆ. ಹಾಳೆಯ ಅಂಚಿನಲ್ಲಿ ಸರ್ವೆಯ ವರ್ಷ ನೋಡಿ, ಉಪಗ್ರಹ ಚಿತ್ರದೊಂದಿಗೆ ಹೋಲಿಸಿ. ಅದಿರು ಲಾರಿ ಓಡುವ ದಾರಿಯ ಕೆಂಪು ಧೂಳು ಮೊದಲ ಮಳೆಗೇ ಜಾರುವ ಕೆಸರು. ಅದನ್ನು ಯಾವ ನಕ್ಷೆಯೂ ಹೇಳದು. ಎದುರಿಂದ ಇಳಿದು ಬಂದ ಚಾಲಕರನ್ನು ನಿಲ್ಲಿಸಿ ಕೇಳಿ.