ಟ್ರ್ಯಾಕಾ, ರ‍್ಯಾಲಿಯಾ?
ಗೋಣಿಕೊಪ್ಪದ ಕಡೆ ಕಾಫಿ ತೋಟದ ಕೆಸರಲ್ಲಿ ಬೈಕ್ ಓಡಿಸಿ ಬೆಳೆದ ಹುಡುಗನಿಗೆ ಟ್ರ್ಯಾಕ್ ಬೈಕ್ ರೇಸಿನ ವಿಶ್ವಕಪ್‌ನಂಥ ಮೋಟೊಜಿಪಿಯ ಕನಸು, ಸರಿ. ಆದರೆ ಟ್ರ್ಯಾಕ್ ಬೇಕಂದ್ರೆ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು, ಪ್ರತಿ ಸಲ ಟಯರು, ಬೈಕ್ ಸಾಗಿಸೋದು, ರೂಮು ಅಂತ ಖರ್ಚು ಬೇರೆ. ಮೋಟೊಜಿಪಿಯಲ್ಲಿ ಗೆಲ್ಲುವ ಸ್ಪೇನ್, ಇಟಲಿಯವರು ಎಳೆ ವಯಸ್ಸಲ್ಲೇ ಮಿನಿ ಬೈಕ್ ಹತ್ತಿದವರು. 18 ಅನ್ನೋದು ಅಲ್ಲಿ ಸ್ಪರ್ಧಿಸೋಕೆ ಕನಿಷ್ಠ ವಯಸ್ಸು, ಕಲಿಯೋಕೆ ಶುರು ಮಾಡುವ ವಯಸ್ಸಲ್ಲ.

ರ‍್ಯಾಲಿ, ಅಂದ್ರೆ ಕಚ್ಚಾ ದಾರಿಯಲ್ಲಿ ದೂರ ಓಡಿಸುವ ರೇಸ್, ಹಾಗಲ್ಲ. ಕೆಸರು, ಕಲ್ಲು, ದಾರಿ ಹುಡುಕುವ ತಲೆ, ಇವೇ ಬಂಡವಾಳ. 2015ರಲ್ಲಿ ಜಗತ್ತಿನ ಅತಿ ಕಠಿಣ ರ‍್ಯಾಲಿಗಳಲ್ಲೊಂದಾದ ಡಕಾರ್ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2024ರಲ್ಲಿ ಅದೇ ಡಕಾರ್‌ನಲ್ಲಿ ಹರಿತ್ ನೋವಾ ಬೈಕ್‌ಗಳ ಎರಡನೇ ಹಂತವಾದ ರ‍್ಯಾಲಿ 2 ವಿಭಾಗವನ್ನೇ ಗೆದ್ದರು. ಮೂಳೆ ಮುರಿಯೋದು ಎರಡರಲ್ಲೂ ಇದೆ, ಹುಡುಗನ ಅಮ್ಮನಿಗೆ ಸದ್ಯಕ್ಕೆ ಹೇಳಬೇಡಿ.

ಹುಡುಗನಿಗೆ ಹತ್ತು ವರ್ಷವಾದರೆ ಟ್ರ್ಯಾಕಿಗೆ ಕಳಿಸಿ. ಇಪ್ಪತ್ತಾಗಿದ್ದರೆ ನಾನಂತೂ ರ‍್ಯಾಲಿ ಅಂತೀನಿ.