ಫೆಟ್‌ನ ಪ್ಲಿಂಕೊ: ಮೊದಲು ಹುಣಸೆಬೀಜ, ಆಮೇಲೆ ಪರದೆ

ದ್ವಿತೀಯ ಪಿಯು ಸಂಖ್ಯಾಶಾಸ್ತ್ರದಲ್ಲಿ ದ್ವಿಪದ ವಿತರಣೆ (ಎರಡೇ ಫಲಿತಾಂಶವಿರುವ ಪ್ರಯೋಗವನ್ನು ಹಲವು ಸಲ ಮಾಡಿದರೆ ಒಂದು ಫಲಿತಾಂಶ ಎಷ್ಟು ಸಲ ಬರಬಹುದೆಂಬ ಲೆಕ್ಕ) ಕಲಿಸಲು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಂಡದ ‘ಪ್ಲಿಂಕೊ ಪ್ರಾಬಬಿಲಿಟಿ’ಯನ್ನು ಮೂರು ವರ್ಷ ಬಳಸಿದ ಮೇಲೆ ಬರೆದದ್ದು ಇದು. ಇದೊಂದು ಕಂಪ್ಯೂಟರ್ ಅನುಕರಣೆ: ಮೇಲಿನಿಂದ ಬಿಟ್ಟ ಚೆಂಡು ಮೊಳೆಗಳ ಸಾಲುಗಳಲ್ಲಿ ಎಡಕ್ಕೋ ಬಲಕ್ಕೋ ಹೊರಳುತ್ತ ಕೆಳಗಿನ ಡಬ್ಬಿಗಳಿಗೆ ಬೀಳುತ್ತದೆ. ಉಚಿತ, ಲಾಗಿನ್ ಗೋಜಿಲ್ಲ. ಒಂದೇ ಎಚ್‌ಟಿಎಂಎಲ್ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಹಾಕಿಟ್ಟರೆ, ತೀರ್ಥಹಳ್ಳಿ, ಹೊಸನಗರ ಕಡೆ ಆಷಾಢದ ಮಳೆಗೆ ನೆಟ್‌ವರ್ಕ್ ಹೋದರೂ ಪಾಠ ನಡೆಯುತ್ತದೆ. ಮಲೆನಾಡಿನ ಕಾಲೇಜಿಗೆ ಇದೇ ದೊಡ್ಡ ಅನುಕೂಲ.

ನೇರ ಪರದೆಯಿಂದ ಶುರು ಮಾಡಬೇಡಿ. ಚೌಕಾಬಾರಕ್ಕೆ ಮಾಡುವ ಹಾಗೆ 12 ಹುಣಸೆಬೀಜಗಳ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿಸಿ. ಇಬ್ಬಿಬ್ಬರಿಗೆ ಒಂದು ಸೆಟ್. 20 ಸಲ ಕುಲುಕಿ ಹಾಕಿ, ಪ್ರತಿ ಸಲ ಎಷ್ಟು ಬಿಳಿ ಬಿತ್ತೆಂದು ಬರೆದುಕೊಳ್ಳಲಿ. 240ರಲ್ಲಿ 96 ಬಿಳಿ ಬಿದ್ದಿದ್ದರೆ ಸಂಭವನೀಯತೆ 0.4 ಎಂದು ಅಂದಾಜು. ತೇಯ್ದ ಬೀಜ ನಾಣ್ಯದಂತೆ ಅರ್ಧಕ್ಕರ್ಧ ಬೀಳಬೇಕೆಂದೇನಿಲ್ಲ. ಇದು ಮಕ್ಕಳಿಗೆ ಕೈಯಲ್ಲೇ ಗೊತ್ತಾಗುತ್ತದೆ.

ಈಗ ಪ್ಲಿಂಕೊದ ‘ಲ್ಯಾಬ್’ ಪರದೆ ತೆರೆದು ಸಾಲು 12 (ಒಂದು ಬೀಜಕ್ಕೆ ಒಂದು ಸಾಲು), ಸಂಭವನೀಯತೆ 0.4 ಇಡಿ. ಸೂತ್ರದ ಪ್ರಕಾರ ಬರಬೇಕಾದ ಬೆಲೆಗಳನ್ನು ತೋರಿಸುವ ‘ಐಡಿಯಲ್’ ಆಯ್ಕೆಗೆ ಟಿಕ್ ಹಾಕಬಾರದು. ಉತ್ತರ ಮೊದಲೇ ಕಂಡರೆ ಹುಡುಕಲು ಏನೂ ಉಳಿಯುವುದಿಲ್ಲ. ಚೆಂಡು ಯಾವ ಡಬ್ಬಿಯಲ್ಲಿ ಹೆಚ್ಚು ಸೇರುತ್ತದೆಂಬ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಚೆಂಡುಗಳನ್ನು ಬೀಳಿಸಿ. 12 ಸಾಲಿಗೆ ಡಬ್ಬಿ 13: 0ಯಿಂದ 12ರವರೆಗೆ. ಪ್ರತಿ ವರ್ಷವೂ ಅರ್ಧ ತರಗತಿ ಇಲ್ಲಿ ತಪ್ಪುತ್ತದೆ, ಸೊನ್ನೆಯನ್ನು ಎಣಿಸುವುದಿಲ್ಲ.

ಇದರ ನಿಜವಾದ ಬೆಲೆ ತಿಳಿಯುವುದು ಮುಂದಿನ ಹೆಜ್ಜೆಯಲ್ಲಿ. 100 ಚೆಂಡಿಗೆ ನಿಲ್ಲಿಸಿ ಮಾನಕ ವಿಚಲನೆಯನ್ನೂ (ಚೆಂಡುಗಳ ಹರವಿನ ಅಳತೆ) ಸರಾಸರಿಯ ಮಾನಕ ದೋಷವನ್ನೂ (ಸರಾಸರಿ ಎಷ್ಟು ಅಲುಗಾಡಬಹುದೆಂಬ ಅಳತೆ) ಬರೆಯಿಸಿ, 400ಕ್ಕೆ ಮತ್ತೊಮ್ಮೆ. ಮೊದಲನೆಯದು ಎರಡು ಸಲವೂ 1.7ರ ಆಸುಪಾಸಿನಲ್ಲೇ ಇರುತ್ತದೆ. ಎರಡನೆಯದು 0.17ರಿಂದ 0.085ರ ಹತ್ತಿರಕ್ಕೆ ಇಳಿಯುತ್ತದೆ. ಚೆಂಡು ಹೆಚ್ಚಿದರೆ ಹರವು ಕುಗ್ಗುತ್ತದೆ ಎಂದುಕೊಂಡಿದ್ದ ಮಕ್ಕಳು ಇಲ್ಲಿ ತಡೆದು ನಿಲ್ಲುತ್ತಾರೆ. ಅವಸರಪಟ್ಟು ಹೇಳಿಬಿಡಬೇಡಿ, ಹತ್ತು ನಿಮಿಷ ಬಿಡಿ. ಹರವನ್ನು ನಿರ್ಧರಿಸುವುದು ಸಾಲು ಮತ್ತು ಸಂಭವನೀಯತೆ; ಚೆಂಡಿನ ಸಂಖ್ಯೆ ನಾಲ್ಕು ಪಟ್ಟಾದರೆ ಅರ್ಧವಾಗುವುದು ಸರಾಸರಿಯ ಅಲುಗಾಟ ಮಾತ್ರ ಎಂದು ಅವರೇ ಹೇಳುವ ಹೊತ್ತಿಗೆ ‘ಐಡಿಯಲ್’ ಒತ್ತಿಸಿ: ಸರಾಸರಿ 4.8, ಮಾನಕ ವಿಚಲನೆ 1.697.

ಪರದೆಯ ಮೇಲೆ ಮಾನಕ ವಿಚಲನೆ, ಮಾನಕ ದೋಷ ಈ ಎರಡು ಅಳತೆಗಳ ಚಿಹ್ನೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಬೋರ್ಡಿನ ಮೇಲೆ ಕನ್ನಡದಲ್ಲಿ ಹೆಸರು ಬರೆದಿಡಿ. ಮೊಬೈಲಿನಲ್ಲಿ ಅಂಕಿ ಓದುವುದು ಕಷ್ಟ. ಅಡಿಕೆಯ ತೂಕದಂಥ ನಿಮ್ಮದೇ ದತ್ತಾಂಶವನ್ನು ಇದಕ್ಕೆ ಹಾಕಲಾಗದು. ಆ ಕೆಲಸಕ್ಕೆ ಸ್ಟ್ಯಾಟ್‌ಕೀ ಎಂಬ ಸಂಖ್ಯಾಶಾಸ್ತ್ರದ ಜಾಲತಾಣ ಇದೆ, ಅದೂ ಉಚಿತ.