ಲೆಡ್ವರ್ಡ್ ಕಾಅಪಾನ ಅವರ ‘ಲೆಡ್ ಲೈವ್ ಸೋಲೊ’: ಗಿಟಾರ್ ಕಲಿಯುವವರು ಕೇಳಲೇಬೇಕಾದ ಆಲ್ಬಂ

ಹವಾಯಿ ಗಿಟಾರ್ ಅಂದಕೂಡಲೇ ನಮ್ಮ ಕಡೆ ನೆನಪಾಗುವುದು ಮಡಿಲಲ್ಲಿಟ್ಟು, ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ವಾದ್ಯ. ಹವಾಯಿಯ ಗಿಟಾರ್ ವಾದಕ ಲೆಡ್ವರ್ಡ್ (ಲೆಡ್) ಕಾಅಪಾನ ನುಡಿಸುವ ಸ್ಲ್ಯಾಕ್ ಕೀ ಶೈಲಿಯೇ ಬೇರೆ. ಮಾಮೂಲಿ ಗಿಟಾರಿನ ಕೆಲವು ತಂತಿಗಳನ್ನು ಸಡಿಲಿಸಿ, ಎಡಗೈ ಮುಟ್ಟದೆಯೇ ಮೀಟಿದರೂ ಇಂಪಾದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಬರುವಂತೆ ಶ್ರುತಿ ಮಾಡಿಕೊಳ್ಳುತ್ತಾರೆ. ಹೆಬ್ಬೆರಳು ಮಂದ್ರದಲ್ಲಿ ಲಯ ಹಿಡಿದು ನಡೆಯುತ್ತಿದ್ದರೆ, ಉಳಿದ ಬೆರಳುಗಳು ಮೇಲೆ ಹಾಡುತ್ತವೆ.

1948ರಲ್ಲಿ ಹುಟ್ಟಿದ ಲೆಡ್ ಬೆಳೆದದ್ದು ಹವಾಯಿಯ ದೊಡ್ಡ ದ್ವೀಪದ ಕಾಲಪಾನ ಎಂಬ ಕಡಲತೀರದ ಹಳ್ಳಿಯಲ್ಲಿ. ಅಲ್ಲಿ ಕರೆಂಟ್ ಇರಲಿಲ್ಲ. ಸಂಜೆಯಾದರೆ ಮನೆಮಂದಿಯ ಸಂಗೀತವೇ ಎಲ್ಲ. ತಾಯಿ ಟೀನಾ, ಮಾವ ಫ್ರೆಡ್ ಪುನಹೋಅ ಇವರನ್ನು ನೋಡಿ ನೋಡಿಯೇ ಕಲಿತದ್ದು. ಮುಂದೆ ಅವಳಿ ಸೋದರ ನೆಡ್ವರ್ಡ್ ಮತ್ತು ಬಂಧು ಡೆನಿಸ್ ಪವಾವೊ ಜೊತೆ ಸೇರಿ ಹುಯಿ ಒಹಾನ ತಂಡ ಕಟ್ಟಿದರು. ಒಂದು ಕಾಲದಲ್ಲಿ ಎಷ್ಟೋ ಕುಟುಂಬಗಳು ತಮ್ಮ ಶ್ರುತಿಗಳನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಆದರೆ ಹೇಗೆ ನುಡಿಸುತ್ತೀರಿ ಎಂದರೆ ಲೆಡ್ ನಗುತ್ತಾ ಹೇಳುವುದು ‘ಜಸ್ ಪ್ರೆಸ್’ ಎಂದು. ಸುಮ್ಮನೆ ಒತ್ತಿ, ಅಷ್ಟೇ!

1990ರಲ್ಲಿ ಕಿಲವೇಯಾ ಜ್ವಾಲಾಮುಖಿಯ ಲಾವಾ ಕಾಲಪಾನದ ಬಹುಭಾಗವನ್ನು ಮುಚ್ಚಿಬಿಟ್ಟಿತು. ಪಿಯಾನೊ ವಾದಕ ಜಾರ್ಜ್ ವಿನ್‌ಸ್ಟನ್ ಕಟ್ಟಿದ ಡಾನ್ಸಿಂಗ್ ಕ್ಯಾಟ್ ಸಂಸ್ಥೆ ಈ ಆಲ್ಬಂ ಹೊರತಂದದ್ದು 1994ರಲ್ಲಿ. ಇಲ್ಲಿ ಶೋಕ ಹುಡುಕಿದರೆ ಸಿಗದು. ಕೇಳುವಾಗ ನನ್ನನ್ನು ಹಿಡಿದಿಡುವುದು ಆ ಉಲ್ಲಾಸವೇ. ಬಲಗೈ ಎಷ್ಟೇ ವೇಗ ಹಿಡಿದರೂ ಒಂದೊಂದು ಸ್ವರವೂ ದುಂಡಗೆ ನಿಲ್ಲುತ್ತದೆ. ನಡುನಡುವೆ ಹಾರ್ಮೋನಿಕ್ಸ್ (ತಂತಿಯನ್ನು ಒತ್ತದೆ ಹಗುರವಾಗಿ ತಾಗಿಸಿ ಹೊರಡಿಸುವ ಗಂಟೆಯಂಥ ಸ್ವರಗಳು) ಮಿನುಗಿ ಹೋಗುತ್ತವೆ. ತೆರೆದ ತಂತಿಗಳು ತಂಬೂರಿಯಂತೆ ಹಿಂದೆ ನಾದ ತುಂಬುತ್ತಿರುವುದರಿಂದ ಎರಡು ಸ್ವರಗಳ ನಡುವಿನ ಬಿಡುವೂ ಬರಿದೆನಿಸುವುದಿಲ್ಲ. ನಿಧಾನದ ಹಾಡುಗಳಲ್ಲಿ ಇದು ಇನ್ನೂ ಚೆನ್ನಾಗಿ ಕಿವಿಗೆ ಬೀಳುತ್ತದೆ. ಮೊದಲು ಅವನ್ನೇ ಕೇಳಿ.

ಕೊರತೆಯೂ ಇದೆ. ಹುಯಿ ಒಹಾನದ ಆ ಏರುಕಂಠದ ಗಾಯನ ಇಷ್ಟಪಟ್ಟವರಿಗೆ ಇಲ್ಲಿ ಗುಂಪಿನ ಸಡಗರ ಸಿಗುವುದಿಲ್ಲ. ಕಲಿಯುವವರಿಗೆ ವೇಗದ ಭಾಗಗಳು ಕೈಗೆ ಎಟುಕುವುದು ಕಷ್ಟ. ಆದರೂ ಪ್ರಯತ್ನಿಸಿ: ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ಎರಡೆರಡು ಮನೆಯಷ್ಟು (ಫ್ರೆಟ್) ಇಳಿಸಿದರೆ ದಪ್ಪ ತಂತಿಯಿಂದ ಡಿ-ಜಿ-ಡಿ-ಜಿ-ಬಿ-ಡಿ ಆಗುತ್ತದೆ. ‘ಟಾರೊ ಪ್ಯಾಚ್’ ಎಂದು ಕರೆಯುವ, ಎಲ್ಲಕ್ಕಿಂತ ಹೆಚ್ಚು ಬಳಕೆಯ ಶ್ರುತಿ ಇದು. ಹೆಬ್ಬೆರಳಿಗೆ ಐದು ಮತ್ತು ನಾಲ್ಕನೆಯ ತಂತಿ ಕೊಟ್ಟು, ಒಂದೇ ಸಮನೆ ನಡೆಸುವುದನ್ನು ಮೊದಲು ರೂಢಿ ಮಾಡಿಕೊಳ್ಳಿ.

ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಮಂದ್ರವೆಲ್ಲ ಸತ್ತುಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಬೇಕು. ಹಳೆಯ ಸಿಡಿ ಸಿಕ್ಕರೆ ಕೊಂಡುಬಿಡಿ. ಇಷ್ಟವಾದರೆ ಮುಂದೆ ಗ್ಯಾಬಿ ಪಹಿನುಯಿ ಮತ್ತು ಅವರ ಮಗ ಸಿರಿಲ್ ಅವರನ್ನು ಕೇಳಿ. ಅದು ಇನ್ನೊಂದು ಮನೆತನ, ಇನ್ನೊಂದು ಬಾನಿ.